ಅಂಕಿ ಮಾತ್ರ ಕಾಕಾ ತುಂಬುತ್ತಿದ್ದರು

ಕಾಕಾ ಅವರ ಎಡಗೈ ಬಲಗೈಗಿಂತ ಬೆಳ್ಳಗಿತ್ತು. ಮಣಿಕಟ್ಟಿನವರೆಗೆ ಒಂದು ಬಣ್ಣ, ಅಲ್ಲಿಂದ ಮುಂದೆ ಇನ್ನೊಂದು. ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ. ಗಾಲ್ಫ್ ಆಡುವವರು ಎಡಗೈಗೆ ಮಾತ್ರ ಕೈಗವಸು ಹಾಕುತ್ತಾರಂತೆ. ಎಷ್ಟೋ ವರ್ಷ ಹಾಕಿ ಹಾಕಿ ಆ ಕೈ ಕಲಬುರಗಿಯ ಬಿಸಿಲಿಗೂ ಬಗ್ಗದೆ ಉಳಿದುಬಿಟ್ಟಿತ್ತು. ಎಪ್ಪತ್ತೆಂಟರ ವಯಸ್ಸಿನಲ್ಲೂ ದಿನಾ ಬೆಳಿಗ್ಗೆ ಆರೂವರೆಗೆ ಗವಸು ಏರಿಸಿಕೊಂಡು, ಮಾಳಿಗೆಯ ಮೇಲೆ ನಿಂತು, ದೂರದ ಕೋಟೆಯ ಬುರುಜಿನ ಕಡೆ ಗುರಿ ಹಿಡಿದು, ಇಲ್ಲದ ಚೆಂಡನ್ನು ಇಪ್ಪತ್ತು ಸಲ ಹೊಡೆಯುತ್ತಿದ್ದರು. ಇಪ್ಪತ್ತೊಂದನೆಯದನ್ನು ಹೊಡೆದದ್ದನ್ನು ನಾನು ನೋಡಿಲ್ಲ.

ನಾನು ಹೇಳಹೊರಟಿರುವ ದಿನವೂ ಹೊಡೆದರು. ಅವತ್ತು ನಮ್ಮ ಓಣಿಗೆ ನಳ ಬರುವ ದಿನ. ಹಾಲು ಕಾಯಿಸಿ, ಮಗಳ ಡಬ್ಬಿ ಕಟ್ಟಿ, ನಮ್ಮ ಮನೆಯವರ ಚಹಾದ ಕಪ್ಪು ತೊಳೆದಿಟ್ಟು, ನಳಕ್ಕೆ ಪೈಪು ಸಿಕ್ಕಿಸಿ ಅಂಗಳದ ಡ್ರಮ್ಮು ತುಂಬಿಸುತ್ತಿದ್ದೆ. ಎಡಗಡೆಯ ಮನೆಯ ಖಾಲಾ ಗೋಡೆಯಾಚೆಯಿಂದ ತಲೆ ಎತ್ತಿದರು.

"ನಿಮ್ಮದು ತುಂಬಿದ ಮ್ಯಾಲ ಪೈಪ್ ಈ ಕಡಿ ಒಗೀರಿ ಬಾಯಿ. ಇವತ್ತ ಪಾನಿ ಜೋರ್ ಅದ."

ಬಲಗಡೆಯ ಮಾಳಿಗೆಯಿಂದ ಕಾಕಾ ಕೂಗಿದರು: "ಕಾನ್ವೆಂಟ್ ಬಾಯಿ! ಪುಸ್ತಕ ಇವತ್ತ ಬರ್ತದ ನೋಡು. ಕೊರಿಯರ್‌ದಂವ ಫೋನ್ ಮಾಡಿದ್ದ."

"ಬರ್ಲಿ ಕಾಕಾ. ಬಂದ ಕೂಡ್ಲೆ ತರ್ತೀನಿ ರೀ."

ಅವರ ಹೆಸರಿನ ಟಪಾಲೆಲ್ಲ ನಮ್ಮ ಮನೆಯ ವಿಳಾಸಕ್ಕೇ ಬರುತ್ತಿತ್ತು. ಅವರಿದ್ದದ್ದು ತಮ್ಮನ ಮನೆಯ ಮೇಲಿನ ಕೋಣೆಯಲ್ಲಿ. ಆ ಮನೆಯವರು ಒಳ್ಳೆಯವರೇ. ಆದರೆ ಇಂಗ್ಲಿಷ್ ಕಾಗದ ಬಂದರೆ ಜಾಹೀರಾತು ಎಂದು ರದ್ದಿಗೆ ಹಾಕುತ್ತಿದ್ದರು.

ಅವತ್ತು ನನ್ನ ಕೈ ಬಕೆಟ್ಟಿನಲ್ಲಿತ್ತು, ಮನಸ್ಸು ಗೇಟಿನಲ್ಲಿ. ಆ ಪುಸ್ತಕದಲ್ಲಿ ನನ್ನ ಹೆಸರು ಅಚ್ಚಾಗಿ ಬರುವುದಿತ್ತು. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಎಲ್ಲಿಯೂ ಅಚ್ಚಾದದ್ದಿಲ್ಲ. ಕಾಕಾ ಮಾತು ಕೊಟ್ಟಿದ್ದರು.

ನಮಗೂ ಅವರಿಗೂ ರಕ್ತಸಂಬಂಧವಿಲ್ಲ. ನಡುವೆ ಇದ್ದದ್ದು ಒಂದು ಗೋಡೆ. ಆ ಲೆಕ್ಕದಲ್ಲಿ ಕಾಕಾ. ಸಿಮೆಂಟ್ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಯೌವನದಲ್ಲಿ ಕಾರ್ಖಾನೆಯವರು ತರಬೇತಿಗೆಂದು ಸ್ಕಾಟ್ಲೆಂಡಿಗೆ ಕಳಿಸಿದ್ದರು. ಅಲ್ಲಿ ಸಿಮೆಂಟಿನ ಬಗ್ಗೆ ಏನು ಕಲಿತರೋ, ಗಾಲ್ಫ್ ಹಿಡಿಸಿಕೊಂಡು ಬಂದರು. ಮುಂದೆ ಎಲ್ಲಿಗೆ ವರ್ಗವಾದರೂ, ಎಲ್ಲಿಗೆ ಪ್ರವಾಸ ಹೋದರೂ ಮೊದಲು ಕೇಳುತ್ತಿದ್ದದ್ದು ಮೈದಾನ ಎಲ್ಲಿದೆ ಎಂದು. ಹೀಗೆ ನೋಡುತ್ತ, ಆಡುತ್ತ, ಬರೆಯುತ್ತ ಒಂದು ಗಾಲ್ಫ್ ಪತ್ರಿಕೆಯ ಪರೀಕ್ಷಕರಲ್ಲಿ ಒಬ್ಬರಾದರು. ಅಂಥವರು ಹನ್ನೆರಡು ಮಂದಿ. ಎರಡು ವರ್ಷಕ್ಕೊಮ್ಮೆ ಅವರೆಲ್ಲ ಅಂಕ ಕೊಟ್ಟು ಜಗತ್ತಿನ ನೂರು ಅತ್ಯುತ್ತಮ ಮೈದಾನಗಳ ಪಟ್ಟಿ ಮಾಡುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ನಂಬರು ಕೊಟ್ಟ ಹಾಗೆ ಮೈದಾನಕ್ಕೂ ಒಂದನೇ ನಂಬರು, ಎರಡನೇ ನಂಬರು ಎಂದಾಗ ನನಗೆ ನಗು ಬಂದಿತ್ತು.

"ನಗಬ್ಯಾಡ," ಅಂದಿದ್ದರು ಕಾಕಾ. "ನಂದೂರಿನ ಬ್ಯಾಳಿ ಮಿಲ್ಲಿನಾಗ ನಮ್ಮಪ್ಪ ಬ್ಯಾಳಿಗೆ ನಂಬರ ಕೊಡ್ತಿದ್ದ. ಒಂದು ಮೂಠಿ ಅಂಗೈಯಾಗ ಹರವಿ, ಒಂದು ಕಾಳು ಕಡದು, ಇದು ಫಸ್ಟ್, ಇದು ಸೆಕಂಡ್ ಅಂತಿದ್ದ. ಮಿಲ್ಲಿನವರು ಕೈ ಮುಗಿದು ಕೇಳ್ತಿದ್ರು. ನಾ ಮಾಡೋದೂ ಅದ."

ಆರು ವರ್ಷದ ಹಿಂದೆ ಅವರ ಕಣ್ಣಿನ ನಡುಭಾಗ ಮಸುಕಾಯಿತು. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಓದುವುದು ನಿಂತಿತು. ಒಂದು ಮಧ್ಯಾಹ್ನ ಪತ್ರಿಕೆಯವರು ಕಳಿಸಿದ ಚಿತ್ರ, ನಮೂನೆಗಳ ಕಟ್ಟು ಹಿಡಿದು ನಮ್ಮ ಬಾಗಿಲಿಗೆ ಬಂದರು. "ನೀ ಕಾನ್ವೆಂಟ್‌ನಾಗ ಓದಿದಾಕಿ ಅಂತ. ಅಕ್ಷರ ದುಂಡಗ ಅದಾವೇನು?"

ದುಂಡಗಿದ್ದವು. ನಮ್ಮ ಸಿಸ್ಟರುಗಳು ಬೆರಳ ಗೆಣ್ಣಿಗೆ ಅಡಿಪಟ್ಟಿಯಿಂದ ಬಡಿದು ದುಂಡಗೆ ಮಾಡಿದ್ದರು.

ಅಂದಿನಿಂದ ನಮ್ಮ ಕೆಲಸದ ರೀತಿ ಒಂದೇ. ಮಧ್ಯಾಹ್ನ ಊಟವಾಗಿ ಪಾತ್ರೆ ಬೋರಲು ಹಾಕಿದ ಮೇಲೆ ನಾನು ಅವರ ಕೋಣೆಗೆ ಹೋಗುತ್ತಿದ್ದೆ. ಚಿತ್ರಗಳನ್ನು ನೋಡಿ ನನಗೆ ಕಂಡದ್ದನ್ನು ಹೇಳಬೇಕು: ಹುಲ್ಲು ಯಾವ ಕಡೆ ವಾಲಿದೆ, ನೆರಳು ಎಷ್ಟು ಉದ್ದ, ಮರಳಿನ ಗುಂಡಿಯ ಅಂಚು ಹರಿದಿದೆಯೋ ಕತ್ತರಿಸಿದಂತಿದೆಯೋ. ಅವರು ಕೇಳಿ, ತಾವು ಆಡಿದ ನೆನಪಿನ ಜೊತೆ ಕೂಡಿಸಿ, ಕನ್ನಡದಲ್ಲಿ ಹೇಳುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ನಮೂನೆಯ ಕೊನೆಗೆ ಅಂಕಗಳ ಚೌಕಗಳಿರುತ್ತಿದ್ದವು. ಅವನ್ನು ಮಾತ್ರ ಬರೆಸುತ್ತಿರಲಿಲ್ಲ. "ಅಂಕಿ ನಾ ತುಂಬ್ತೀನಿ ಬಿಡು" ಎಂದು ದಪ್ಪ ಪೆನ್ನು ಜೇಬಿಗೆ ಹಾಕಿಕೊಂಡು, ಕೋಲೂರುತ್ತ ಓಣಿಯ ತುದಿಯ ಝೆರಾಕ್ಸ್ ಅಂಗಡಿಗೆ ತಾವೇ ಹೋಗಿ ಕಳಿಸಿ ಬರುತ್ತಿದ್ದರು. ಅಷ್ಟು ಪುಟ ಬರೆದವಳು ಆ ನಾಲ್ಕಾರು ಚೌಕಗಳ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಬರೆದ ಮಾತೇ ಅಂಕವಾಗುತ್ತದೆ ಎಂದು ನಂಬಿದ್ದೆ.

ಅವರ ಮಾತುಗಳು ಈಗಲೂ ಕಿವಿಯಲ್ಲಿವೆ. "ಚೀಲದ ಬಾಯಿ ನೋಡಿ ಮಾಲು ತಗೋಬಾರದು, ಹೊಟ್ಟಿಗೆ ಚುಚ್ಚಿ ತಗದು ನೋಡಬೇಕು," ಎನ್ನುವರು. ಮೈದಾನದಲ್ಲಿ ಚೆಂಡು ಬೀಳಿಸುವ ಮೊದಲ ಕುಳಿಯ ಚೆಂದಕ್ಕೆ ಮರುಳಾಗಬೇಡ, ನಡುವಿನವನ್ನು ನೋಡು ಎಂದು ಅರ್ಥ. ಇನ್ನೊಂದು: "ಛಲೋ ಮೈದಾನ ಅಂದ್ರ ಛಲೋ ಅತ್ತಿ ಇದ್ದಂಗ. ಕಾಡಸ್ತಾಳ, ಆದ್ರ ಮೋಸ ಮಾಡಂಗಿಲ್ಲ." ನಮ್ಮ ಅತ್ತೆಯವರು ಆಗಿನ್ನೂ ಇದ್ದರು. ನಾನು ನಕ್ಕರೆ, "ಕೆಳಗ ಕೇಳಸ್ತದ, ಮೆಲ್ಲಕ ನಗು" ಎಂದು ಗದರಿಸುವರು.

ಎಲ್ಲ ಮೈದಾನಗಳಲ್ಲಿ ಒಂದರ ಮಾತು ಬಂದರೆ ಅವರ ದನಿಯೇ ಬೇರೆ. ಸ್ಕಾಟ್ಲೆಂಡಿನ ಉತ್ತರದ ದಂಡೆಯಲ್ಲಿ ಸಮುದ್ರಕ್ಕೆ ಹತ್ತಿಕೊಂಡ ಒಂದು ಪುಟ್ಟ ಮೈದಾನ. ಆ ಊರಿನ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳುವಂಥದಲ್ಲ. ನಾವಿಬ್ಬರೂ ಅದನ್ನು ಘಂಟಿ ಮೈದಾನ ಎನ್ನುತ್ತಿದ್ದೆವು. ಅದನ್ನು ಯಾರೂ ಕೂತು ನಕ್ಷೆ ಹಾಕಿ ಮಾಡಿದ್ದಲ್ಲವಂತೆ. ಗಾಳಿ ಪೇರಿಸಿದ ಮರಳದಿನ್ನೆಗಳ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕುಳಿ ತೋಡಿದ್ದಾರೆ. ಒಂದು ಕುಳಿಯ ಮುಂದೆ ಎದೆಮಟ್ಟದ ಕಲ್ಲಿನ ಗೋಡೆ. ಒಂದು ಕಡೆ ಮೀನುಗಾರರು ಬಲೆ ಹೊತ್ತು ನಡುವೆಯೇ ದಾಟುತ್ತಾರೆ; ಆಟ ನಿಲ್ಲಿಸಿ ದಾರಿ ಬಿಡಬೇಕು. ಕುರಿಗಳಂತೂ ಯಾರಿಗೂ ದಾರಿ ಬಿಡುವುದಿಲ್ಲ. ಇನ್ನೊಂದು ಕುಳಿ ದಿನ್ನೆಯ ಹಿಂದೆ, ಬಟ್ಟಲಿನಂಥ ತಗ್ಗಿನಲ್ಲಿ, ಹೊಡೆಯುವವನಿಗೆ ಕಾಣುವುದೇ ಇಲ್ಲ. ಆಚೆಗಿನವರು ಆಟ ಮುಗಿಸಿ ಹೋಗುವಾಗ ಅಲ್ಲಿ ತೂಗಹಾಕಿದ ಘಂಟೆ ಬಾರಿಸಬೇಕು. ಆಮೇಲೆ ಈಚೆಗಿನವರು ಕಾಣದ್ದಕ್ಕೆ ಗುರಿಯಿಟ್ಟು ಹೊಡೆಯಬೇಕು.

ಇದು ನೂರರಲ್ಲಿ ಎಷ್ಟನೆಯದು? ಪರೀಕ್ಷಕರಲ್ಲಿ ಇದೇ ದೊಡ್ಡ ಜಗಳವಂತೆ. ಬಹಳ ಜನರಿಗೆ ಅದು ಹುಚ್ಚು ಮೈದಾನ: ಅದೃಷ್ಟದ ಆಟ, ಅಳತೆ ಚಿಕ್ಕದು, ದೊಡ್ಡ ಪಂದ್ಯ ನಡೆಸಲು ಬಾರದು.

"ನಿಮಗ ಹ್ಯಾಂಗ ಅನಸ್ತದ ಕಾಕಾ?" ಎಂದು ಕೇಳಿದ್ದಕ್ಕೆ ಉತ್ತರ ಹೇಳದೆ ಮುಂದಿನ ಆದಿತ್ಯವಾರ ನಮ್ಮನ್ನೆಲ್ಲ ಕಮಲಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ಮನೆತನದ ತುಂಡು ಹೊಲ. ನಡುವೆ ಒಂದು ಕೆಮ್ಮಣ್ಣಿನ ದಿನ್ನೆ, ಅದರಾಚೆ ಕಣ್ಣು ಮುಟ್ಟುವವರೆಗೆ ಬೇರೆಯವರ ತೊಗರಿ. ಹೂಬಿಟ್ಟ ತೊಗರಿ ಚಳಿಗಾಳಿಗೆ ಒಂದೇ ಸಮನೆ ಏಳುತ್ತ ಬೀಳುತ್ತ ಇತ್ತು.

"ಅದು ಸಮುದ್ರ ಅಂತ ತಿಳಕೊ," ಅಂದರು. ನಾನು ಸಮುದ್ರ ನೋಡಿದವಳಲ್ಲ. ತಿಳಿದುಕೊಂಡೆ.

ದಿನ್ನೆಯ ಹಿಂದೆ ಒಂದು ಕುಳಿ ತೋಡಿಸಿ, ನಮ್ಮ ಮಗಳ ಕೈಗೆ ಪೂಜೆಯ ಘಂಟೆ ಕೊಟ್ಟು ದೂರದಲ್ಲಿ ನಿಲ್ಲಿಸಿದರು. ಈಚೆ ಬಂದು ಗವಸು ಹಾಕಿಕೊಂಡರು. "ಬೇವಿನ ಗಿಡದ ತುದಿ ಕಾಣಸ್ತದೇನು? ನನ್ನ ಭುಜ ಅದರ ಬಲಕ್ಕ ಒಂದು ಮಾರು ತಿರುಗಸು." ತಿರುಗಿಸಿದೆ. ಆಚೆ ಘಂಟೆ ಬಾರಿಸಿತು. ಕಾಕಾ ಹೊಡೆದರು. ಚೆಂಡು ದಿನ್ನೆ ದಾಟಿ ಎಲ್ಲೋ ಹೋಯಿತು. ನಾವು ನಡೆದೆವು. ಎಲ್ಲಿ ಬಿದ್ದಿದೆಯೋ, ಕುಳಿಯ ಬುಡಕ್ಕೋ, ತೊಗರಿಯಲ್ಲೋ. ಆ ಏರು ಹತ್ತುವಾಗ ನನ್ನ ಎದೆ ಹುಡುಗಿಯ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಹಿಂದೆ ನಮ್ಮ ಮನೆಯವರು, "ಇದಕ್ಕ ಡೀಸೆಲ್ ಸುಟ್ಟು ಬಂದೇವಾ?" ಎಂದು ಗೊಣಗುತ್ತಿದ್ದರು.

ಕಾಕಾ ಮಾತ್ರ ದಿನ್ನೆಯ ನೆತ್ತಿಯಲ್ಲಿ ನಿಂತು, ಮೆಲ್ಲಗೆ, ನನಗೊಬ್ಬಳಿಗೇ ಎಂಬಂತೆ ಅಂದರು: "ಈ ನೂರು ಹೆಜ್ಜಿ ನಡದ್ಯಲ್ಲ, ಇದಕ್ಕ ಅಂಕಿ ಕೊಡ್ಲಾಕ ಬರ್ತದೇನು ಬಾಯಿ?"

ಚೆಂಡು ಕುಳಿಯಿಂದ ಎರಡು ಮಾರು ದೂರದಲ್ಲಿತ್ತು. ಘಂಟೆ ನಾನು ಬಾರಿಸಿದೆ.

ಈ ಸಲದ ಪಟ್ಟಿಯ ಜೊತೆಗೆ ಘಂಟಿ ಮೈದಾನದ ಮೇಲೇ ಒಂದು ಲೇಖನ ಬೇಕೆಂದು ಪತ್ರಿಕೆಯ ಸಂಪಾದಕರು ಕಾಕಾ ಅವರನ್ನು ಕೇಳಿದರು. ಆಗ ಅವರಿಗೆ ಕೆಮ್ಮು, ಎದೆ ಕಟ್ಟಿತ್ತು. ಹೇಳಿ ಬರೆಸಲು ಉಸಿರು ಸಾಲುತ್ತಿರಲಿಲ್ಲ. "ನೀನ ಬರಿ. ನಿನಗ ಎಲ್ಲಾ ಗೊತ್ತದ. ಇಬ್ಬರ ಹೆಸರೂ ಹಾಕಸ್ತೀನಿ, ನಿಂದು ಮೊದಲ."

ಹದಿನೈದು ದಿನ ಬರೆದೆ. ಒಗ್ಗರಣೆ ಹಾಕುತ್ತ ವಾಕ್ಯ ಜೋಡಿಸಿದೆ, ಬಟ್ಟೆ ಒಣಹಾಕುತ್ತ ಒಡೆದೆ. ನನ್ನ ತವರಿನ ಹಳೆಯ ಮನೆಯಲ್ಲಿ ಅಡುಗೆಮನೆಯ ಬಾಗಿಲು ಗಿಡ್ಡ. ಗೊತ್ತಿಲ್ಲದವರ ಹಣೆ ಬಡಿಯುತ್ತಿತ್ತು. ಆ ಮನೆಗೆ ಒಮ್ಮೆ ಬಂದವರು ಎಂದೂ ಮರೆಯಲಿಲ್ಲ, ಎರಡನೇ ಸಲ ಬಂದವರು ಬಾಗುವುದನ್ನು ಮರೆಯಲಿಲ್ಲ. ಘಂಟಿ ಮೈದಾನದ ಗೋಡೆಯೂ ಹಾಗೆ, ಎಂದು ಬರೆದೆ. ಎತ್ತಿ ಇನ್ನೊಂದು ಊರಿಗೆ ಇಟ್ಟರೂ ನಡೆಯುವ ಮೈದಾನಗಳು ನೂರರಲ್ಲಿ ಬಹಳ ಇವೆ, ಇದನ್ನು ಎತ್ತಲು ಬರುವುದಿಲ್ಲ, ಎಂದು ಬರೆದೆ. ಇದರ ಸ್ಥಾನ ಒಂಬತ್ತನೆಯದು ಎಂದು ಮುಗಿಸಿದೆ. ಓದಿ ಹೇಳಿದಾಗ ಕಾಕಾ ಕುರ್ಚಿಯ ಕೈಗೆ ಬಡಿದರು. "ಒಂಬತ್ತು. ಪಕ್ಕಾ. ಒಂದು ಅಕ್ಷರ ತಿದ್ದಂಗಿಲ್ಲ."

ಕೊರಿಯರ್ ಬಂದಾಗ ಮಧ್ಯಾಹ್ನ ಮೂರು. ಚಹಾಕ್ಕೆ ನೀರಿಟ್ಟು, ಅಡುಗೆಮನೆಯಲ್ಲಿ ನಿಂತೇ ಬಿಡಿಸಿದೆ. ಪಟ್ಟಿಯ ಒಂಬತ್ತರಲ್ಲಿ ಬೇರೆ ಮೈದಾನವಿತ್ತು. ಹತ್ತು, ಇಪ್ಪತ್ತು ಎಂದು ಬೆರಳಿಟ್ಟು ನೂರರವರೆಗೂ ಇಳಿದೆ. ಇರಲಿಲ್ಲ. ಪುಟ ತಿರುವಿದೆ. ಲೇಖನವಿತ್ತು, ಕಾಕಾ ಅವರ ಫೋಟೋ ಇತ್ತು, ಅವರೊಬ್ಬರದೇ ಹೆಸರಿತ್ತು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತೇನೆ: "ನನ್ನ ಪಕ್ಕದ ಮನೆಯಲ್ಲಿ ಒಬ್ಬ ಗೃಹಿಣಿ ಇದ್ದಾಳೆ. ಸಮುದ್ರ ಕಂಡವಳಲ್ಲ, ತೊಗರಿ ಹೊಲವನ್ನು ತೋರಿಸಿ ಇದೇ ಸಮುದ್ರ ಎಂದರೆ ನಂಬಿದಳು. ಈ ಮೈದಾನ ಜಗತ್ತಿನಲ್ಲಿ ಒಂಬತ್ತನೆಯದು ಎಂಬುದು ಅವಳ ತೀರ್ಪು. ಇಂಥ ಮೈದಾನಕ್ಕೆ ಇಂಥ ಪರೀಕ್ಷಕಿಯೇ ಸರಿ." ಮುಂದೆ ನನ್ನ ವಾಕ್ಯಗಳನ್ನು ಒಂದೊಂದಾಗಿ ಎತ್ತಿ, 'ಗೃಹಿಣಿ ಹೇಳುತ್ತಾಳೆ' ಎಂದು ಹೇಳಿ, ಪ್ರತಿಯೊಂದಕ್ಕೂ ಒಂದು ಕುಟುಕು. ಗಿಡ್ಡ ಬಾಗಿಲೂ ಇತ್ತು. ಲೇಖನದ ಬುಡದಲ್ಲಿ ಹನ್ನೆರಡೂ ಪರೀಕ್ಷಕರು ಕೊಟ್ಟ ಅಂಕಗಳು. ಕಾಕಾ ಅವರ ಹೆಸರಿನ ಮುಂದೆ ಹತ್ತಕ್ಕೆ ನಾಲ್ಕು. ಅದಕ್ಕಿಂತ ಕಡಿಮೆ ಯಾರೂ ಕೊಟ್ಟಿರಲಿಲ್ಲ.

ಒಲೆಯ ಮೇಲಿನ ನೀರು ಬತ್ತಿ ಪಾತ್ರೆಯ ತಳ ಹತ್ತಿತು. ಅದನ್ನು ತಿಕ್ಕಿ ತೊಳೆದು ಬೋರಲು ಹಾಕಿದೆ. ಸೆರಗು ಸರಿಮಾಡಿಕೊಂಡು ಅವರ ಮೆಟ್ಟಿಲು ಹತ್ತಿದೆ.

"ಬಂತೇನು? ಕೂಡು, ಓದು."

"ಎಲ್ಲಿಂದ ಓದ್ಲಿ ಕಾಕಾ?"

"ನಮ್ಮದು. ಮತ್ತೆಲ್ಲಿಂದ?"

ನಮ್ಮದು ಎಂದರು. ಓದಿದೆ. ಸಾಲು ನುಂಗಬಾರದು, ಪೂರ್ಣವಿರಾಮದ ತನಕ ದನಿ ಇಳಿಸಬಾರದು ಎಂದು ಸಿಸ್ಟರುಗಳು ಕಲಿಸಿದ ಹಾಗೆಯೇ ಓದಿದೆ. ಗೃಹಿಣಿಯ ಸಾಲು ಬಂದಾಗ ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿದ್ದ ಆ ಬಿಳಿ ಕೈ ನಿಂತಿತು.

"ಇದು ಯಾವಾಗ ಹೇಳಿದ್ರಿ ಕಾಕಾ?"

"ಫೋನ್‌ನಾಗ. ನೀ ಬರದದ್ದು ಕಳಸಿದ್ದೆ. ಎಡಿಟರ್ ಫೋನ್ ಮಾಡಿ, ಇದು ಯಾರು ಬರದಾರ ಅಂದ. ಹೇಳಿದೆ. ಅವ ನಕ್ಕ. ಅವ ನಕ್ಕ ಮ್ಯಾಲ ನಾನೂ ನಕ್ಕೆ."

"ತೊಗರಿ ಹೊಲದ್ದು?"

"ನಗ್ತಾ ನಗ್ತಾ ಬಂತು ಬಾಯಾಗ. ಅವ ಬರಕೊಂಡ."

"ನಾಲ್ಕು ಯಾಕ ಕೊಟ್ರಿ?"

"ಮಾತು ಬ್ಯಾರೆ, ಅಂಕಿ ಬ್ಯಾರೆ, ಬಾಯಿ. ಮಾತು ನಮ್ಮ ಮನಸಿಂದು. ಅಂಕಿ ಉಳದ ಹನ್ನೊಂದು ಮಂದಿ ನೋಡ್ತಾರ."

"ಹೋದ ಸಲ ಎಷ್ಟು ಕೊಟ್ಟಿದ್ರಿ?"

"ಐದು."

"ಅದರ ಹಿಂದಿನ ಸಲ?"

"ಅದೆಲ್ಲಾ ಈಗ ಯಾಕ?"

ಆರು ವರ್ಷ ನನ್ನ ದುಂಡಕ್ಷರದ ಕೆಳಗೆ ಬೇರೆಯೇ ಅಂಕಿ ಕೂತಿತ್ತು ಎಂದು ನನಗೆ ಆಗ ತಿಳಿಯಿತು.

"ನಿಮಗ ಅದು ಭಾಳ ಸೇರ್ತಿತ್ತಲ್ರೀ ಕಾಕಾ?"

"ಈಗೂ ಸೇರ್ತದ. ಸಾಯೂ ತನಕ ಸೇರ್ತದ." ಕೆಮ್ಮು ಬಂತು, ಎದೆ ನೀವಿಕೊಂಡರು. "ಹುಚ್ಚ ಮೈದಾನಕ್ಕ ಒಂಬತ್ತನೇ ನಂಬರ ಕೊಟ್ಟಾನ, ಮುದುಕಗ ಅರಳು ಮರಳು ಅಂತ ಪರೀಕ್ಷಕರ ಪಟ್ಟಿಯಿಂದ ನನ್ನನ್ನ ತಗೀತಾರ. ಇದೊಂದು ಕಾಗದ ಬರ್ತದ ನನಗ. ಇದೂ ನಿಂತ್ರ ನಾ ಯಾರು? ತಮ್ಮನ ಮಾಳಿಗಿ ಮ್ಯಾಲಿನ ಮುದುಕ."

"ನನ್ನ ಹೆಸರು ಹಾಕಸ್ತೀನಿ ಅಂದಿದ್ರಿ."

"ಗೃಹಿಣಿ ಅಂತ ಹಾಕ್ಯಾರಲ್ಲ. ಅದು ನೀನ."

ನಾನು ಉಳಿದದ್ದನ್ನು ಕೊನೆಯವರೆಗೆ ಓದಿದೆ. ಮುಚ್ಚಿ ಅವರ ತೊಡೆಯ ಮೇಲಿಟ್ಟೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅಂದರು: "ಓದೋದು ಮಾತ್ರ ಭಾಳ ಛಲೋ ಓದ್ತಿ."

ಸಮುದ್ರ ನೋಡಿಲ್ಲ ಎಂದದ್ದು ನನಗೆ ನೋಯಲಿಲ್ಲ; ಅದು ನಿಜ. ಕಮಲಾಪುರದ ಆ ದಿನ್ನೆಯ ಮೇಲೆ ನಿಂತು ಅವರು ಮೆಲ್ಲಗೆ ಆಡಿದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ. ಅದೇ ದಿನವನ್ನು ಅವರು ಪರದೇಶದವರೊಬ್ಬರ ನಗುವಿಗೆ ಕೊಟ್ಟುಬಿಟ್ಟರು. ನನ್ನನ್ನು ಬಿಟ್ಟುಕೊಟ್ಟದ್ದನ್ನು ಹೇಗೋ ಸಹಿಸಬಹುದಿತ್ತು. ಘಂಟಿ ಮೈದಾನವನ್ನೂ ಬಿಟ್ಟುಕೊಟ್ಟರಲ್ಲ ಎಂಬುದು ಇಂದಿಗೂ ಒಳಗೆ ಚುಚ್ಚುತ್ತದೆ. ಹನ್ನೆರಡು ಜನರಲ್ಲಿ ಅದರ ಪರ ನಿಲ್ಲಬಲ್ಲವರು ಅವರೊಬ್ಬರೇ ಇದ್ದರು.

ಆಮೇಲೆ ನಾನು ಅವರ ಮನೆಗೆ ಹೋಗುವುದನ್ನು ಬಿಡಲಿಲ್ಲ, ಬರೆಯುವುದನ್ನು ಬಿಟ್ಟೆ. ಅವರೂ ಬರಿ ಎನ್ನಲಿಲ್ಲ. ಜ್ವರ ಬಂದಾಗ ಗಂಜಿ ಒಯ್ದೆ, ಕುಡಿದರು. ಲೇಖನದ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಐದನೇ ತಿಂಗಳಿಗೆ ಹೋಗಿಬಿಟ್ಟರು. ಮುಂದಿನ ಪಟ್ಟಿಯ ನಮೂನೆ ಅವರ ಹೆಸರಿಗೇ, ನಮ್ಮ ವಿಳಾಸಕ್ಕೇ ಬಂತು. ಅವರನ್ನು ಯಾರೂ ತೆಗೆದಿರಲಿಲ್ಲ. ಅದನ್ನು ತಿರುಗಿ ಕಳಿಸಿದೆ.

ಅವರ ಋಣ ಇಲ್ಲವೆನ್ನಲಾರೆ. ಒಂದು ಚಿತ್ರ ಕಂಡರೆ ಇವತ್ತಿಗೂ ಮೊದಲು ನೆರಳಿನ ಉದ್ದ ನೋಡುತ್ತೇನೆ, ಹುಲ್ಲು ಯಾವ ಕಡೆ ವಾಲಿದೆ ನೋಡುತ್ತೇನೆ. ನೋಡಿದ್ದನ್ನು ಮಾತಿನಲ್ಲಿ ಹಿಡಿಯಬಹುದು ಎಂದು ಮೂವತ್ತೊಂಬತ್ತರ ಹೆಂಗಸಿಗೆ ಕಲಿಸಿದವರು ಅವರು. ಈ ಬರಹವೂ ಆ ಕಲಿಕೆಯದೇ. ಕ್ಷಮಿಸಿದ್ದೇನೆಯೇ ಎಂದು ಕೇಳಿದರೆ, ಬೇರೆ ಮಾತು ತೆಗೆಯುತ್ತೇನೆ.

ಪುಸ್ತಕ ಬಂದ ಆ ದಿನದ ಸಂಜೆಯದೊಂದು ಹೇಳುವುದು ಉಳಿಯಿತು. ಮಗಳು ಟ್ಯೂಷನ್ನಿಗೆ ಹೋಗಿದ್ದಳು, ನಮ್ಮ ಮನೆಯವರು ಬಂದಿರಲಿಲ್ಲ. ಮೂರು ಗಂಟೆಗೆ ಕೊರಿಯರ್‌ನವನು ಬಡಿದದ್ದು ಬಿಟ್ಟರೆ ನಮ್ಮ ಬಾಗಿಲನ್ನು ಮತ್ತಾರೂ ಬಡಿದಿರಲಿಲ್ಲ. ದೀಪ ಹಚ್ಚಿ ಅಂಗಳಕ್ಕೆ ಬಂದೆ. ಖಾಲಾ ಬಟ್ಟೆ ತೆಗೆಯುತ್ತಿದ್ದರು.

"ಮುಬಾರಕ್ ಬಾಯಿ! ಫಾರಿನ್ ಪುಸ್ತಕದಾಗ ಬಂದೀರಂತ. ಕಾಕಾ ಈಗಷ್ಟ ಖುದ್ದ ಬಂದು ಹೇಳಿ ಹೋದ್ರು. ಪಾಪ, ಕೋಲು ಊರಕೋತ ಓಣಿ ತುಂಬಾ ಮನಿ ಮನಿಗಿ ಹೋಗ್ಯಾರ. ಕಮಲಾಪುರದಿಂದ ಕೆಂಪು ಬಾಳಿಹಣ್ಣು ತರಸಿದ್ರಂತ ಇದಕ್ಕಂತನ, ಎಲ್ಲಾರಿಗೂ ಎರಡೆರಡು." ಒಂದು ಚಾದರವನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡರು. "ನಮ್ಮವು ಜರಾ ಕಚ್ಚಾ ಅವ ನೋಡ್ರಿ. ನಿಮ್ಮವು ಹಣ್ಣಾಗ್ಯಾವೇನು?"